ಏಳು ಎಣಿಸುವಷ್ಟು ಹೊತ್ತು

ಗುಂಡಿ ಕಂಡರೆ ಒತ್ತುವುದು ನನ್ನ ಹುಟ್ಟುಗುಣ. ಲಿಫ್ಟಿನ ಗುಂಡಿ ಆಗಲೇ ಕೆಂಪಗೆ ಉರಿಯುತ್ತಿದ್ದರೂ ಇನ್ನೊಮ್ಮೆ ಒತ್ತಿಯೇ ಒಳಗೆ ಹೋಗುವವಳು ನಾನು. ಬ್ಯಾಂಕಿನ ಟೋಕನ್ ಯಂತ್ರ, ನಾದಿನಿಯ ಮನೆಯ ಹೊಸ ವಾಷಿಂಗ್ ಮಶೀನು, ಆಸ್ಪತ್ರೆಯಲ್ಲಿ ನರ್ಸನ್ನು ಕರೆಯುವ ಬೆಲ್ಲು, ಯಾವುದನ್ನೂ ಬಿಟ್ಟವಳಲ್ಲ. ಇಂಥವಳ ಪಾಲಿಗೆ ಈ ಇಳಿವಯಸ್ಸಿನಲ್ಲಿ ಒತ್ತಲೇಬೇಕಾದ ಗುಂಡಿಯೊಂದು ಬಂದಿದೆ, ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡುವ ಕೆಂಪು ಚುಕ್ಕೆ. ಅದೊಂದನ್ನು ಮಾತ್ರ ಮರೆಯುತ್ತೇನೆ.

ಇದೆಲ್ಲ ಪದ್ಮಜಾಳ ಕೃಪೆ. ಪದ್ಮಜಾ ನನ್ನ ತಂಗಿಯ ಮಗಳು. ಇಲ್ಲೇ ಸಾಂಗಲಿಯ ವಿಶ್ರಾಮಬಾಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಸಾಂಗಲಿ, ಮೀರಜ್‌ಗಳಲ್ಲಿ ಮೊಟ್ಟಮೊದಲು ಟಿ.ವಿ.ಗೆ ಕಂಪ್ಯೂಟರ್ ಜೋಡಿಸಿದವರು, ವಿಡಿಯೋ ಗೇಮಿನ ಅಂಗಡಿ ಇಟ್ಟವರು, ಅದರ ಕ್ಯಾಸೆಟ್ ಮಾರಿದವರು, ಇವರೆಲ್ಲರ ನೆನಪುಗಳನ್ನು ಕೂಡಿಸಿ ಕಾಲೇಜಿನ ಒಂದು ಕೋಣೆಯಲ್ಲಿ ಪ್ರದರ್ಶನ ಇಡಬೇಕೆಂದು ಅವಳ ಹಟ. "ಮಾವಶಿ, ಇಂಟರ್‌ವ್ಯೂ ತೂಚ್ ಘೇ. ಯೂ ಹ್ಯಾವ್ ದಿ ಟೈಮ್, ಯೂ ಹ್ಯಾವ್ ದಿ ಇಂಗ್ಲಿಷ್" ಎಂದಳು, ಇಂಟರ್‌ವ್ಯೂ ನೀನೇ ತೆಗೆದುಕೋ ಎಂದು ಅರ್ಧ ಮರಾಠಿ, ಅರ್ಧ ಇಂಗ್ಲಿಷಿನಲ್ಲಿ. ಅವಳಿಗೆ ನಮ್ಮ ಮನೆಯ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ನನ್ನ ಹತ್ತಿರ ಟೈಮ್ ಇರುವುದು ನಿಜ. ಇಂಗ್ಲಿಷನ್ನೂ ಮೂವತ್ತು ವರ್ಷ ಕಾನ್ವೆಂಟಿನ ಹುಡುಗಿಯರಿಗೆ ಕಲಿಸಿದ್ದೇನೆ. ಆದರೆ ಇಂಟರ್‌ವ್ಯೂ ಕೊಟ್ಟವರಲ್ಲಿ ಒಬ್ಬರಿಗೂ ಇಂಗ್ಲಿಷಿನ ಜರೂರತ್ತು ಬೀಳಲಿಲ್ಲ.

ಪದ್ಮಜಾ ಅವರನ್ನೆಲ್ಲ "ವೆಟರನ್ಸ್" ಎನ್ನುತ್ತಾಳೆ. ಆ ಶಬ್ದ ಕೇಳಿದರೆ ನನ್ನ ಕಣ್ಣ ಮುಂದೆ ಗಿರಿಜಾ ಮೀಸೆ, ಎದೆಯ ಮೇಲೆ ಸಾಲು ಪದಕ ಬರುತ್ತವೆ. ನಾನು ಮೊದಲು ಭೇಟಿಯಾದ ವೆಟರನ್ ಕವಲಾಪುರದ ದ್ರಾಕ್ಷಿ ತೋಟದಲ್ಲಿ ಬನಿಯನ್ ತೊಟ್ಟು ಬಳ್ಳಿಗೆ ಔಷಧ ಹೊಡೆಯುತ್ತಿದ್ದರು. ಒಂದು ಕಾಲಕ್ಕೆ ಬಸ್‌ಸ್ಟ್ಯಾಂಡಿನ ಹತ್ತಿರ ಅವರ ವಿಡಿಯೋ ಗೇಮ್ ಪಾರ್ಲರಿಗೆ ಮಕ್ಕಳು ಸಾಲು ಹಚ್ಚುತ್ತಿದ್ದರಂತೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಶಿಸ್ತಿನ ಪ್ರಕಾರ ನಾನು ಇಪ್ಪತ್ತು ಪ್ರಶ್ನೆಗಳನ್ನು ನಂಬರು ಹಾಕಿ ಬರೆದುಕೊಂಡು ಹೋಗಿದ್ದೆ. ಅವರು ಗೇಮಿನ ಬಗ್ಗೆ ಹತ್ತು ನಿಮಿಷ, ದ್ರಾಕ್ಷಿಯ ಬೂದಿ ರೋಗದ ಬಗ್ಗೆ ಒಂದು ಗಂಟೆ ಮಾತಾಡಿದರು. ಮನೆಗೆ ಬಂದು ನೋಡಿದರೆ ಮೊಬೈಲಿನಲ್ಲಿ ಎರಡೂ ಇರಲಿಲ್ಲ. ಚುಕ್ಕೆ ಒತ್ತುವುದನ್ನು ಮರೆತಿದ್ದೆ.

ಪದ್ಮಜಾಳ ಯಾದಿಯಲ್ಲಿ ಮೀರಜಿನ ಮಲ್ಲಪ್ಪಣ್ಣನವರ ಹೆಸರು ಮೊದಲನೆಯದಾಗಿತ್ತು. ನಾನು ಅವರನ್ನು ಕೊನೆಗೆ ಇಟ್ಟುಕೊಂಡೆ. ಯಾಕೆ ಎಂಬುದು ಅವಳಿಗೆ ಗೊತ್ತಿಲ್ಲ. ನಿಮಗೆ ಹೇಳುತ್ತೇನೆ.

ಮಲ್ಲಪ್ಪಣ್ಣನವರದು ತಲೆತಲಾಂತರದಿಂದ ಬಟ್ಟೆ ವ್ಯಾಪಾರದ ಮನೆತನ. ಇವರೊಬ್ಬರು ಹಾದಿ ಬಿಟ್ಟು ಮಾಳಿಗೆಯ ಮೇಲೆ ಕ್ಯಾಸೆಟ್ ಅಂಗಡಿ ಇಟ್ಟರು. ಭಜನೆ, ಭಾವಗೀತೆ, ಕೀರ್ತನ, ಯಾವುದರ ಕಾಪಿ ಬೇಕೋ ಅದನ್ನು ಚೊಕ್ಕ ಮಾಡಿ ಕೊಡುವುದು ಅವರ ಖ್ಯಾತಿ. ಈಗಿನವರಿಗೆ ನಂಬಿಸುವುದು ಕಷ್ಟ, ಆದರೆ ಆಗಿನ ಮನೆ ಕಂಪ್ಯೂಟರಿನ ಆಟಗಳೂ ಹಾಡಿನ ಕ್ಯಾಸೆಟ್ಟಿನಲ್ಲೇ ಇರುತ್ತಿದ್ದವು. ಟೇಪ್ ಹಚ್ಚಿದರೆ ಮೊದಲು ಉದ್ದನೆಯ ಒಂದು ಸೀಟಿ. ಅದನ್ನು ಕೇಳಿ ಕಂಪ್ಯೂಟರಿಗೆ ಎಚ್ಚರವಾಗಬೇಕು. ಆಮೇಲೆ ಕಾದ ಎಣ್ಣೆಗೆ ಹಸಿ ಹಪ್ಪಳ ಬಿಟ್ಟಂಥ ಚರಚರ ಸದ್ದು. ಆ ಸದ್ದೇ ಆಟ. ಮೊದಲ ಸಲ ಇಂಥ ಟೇಪು ಕಾಪಿಗೆ ಬಂದಾಗ ಮಲ್ಲಪ್ಪಣ್ಣನವರು ಅದನ್ನು ಕೇಳಿ ಮರುಗಿದರಂತೆ, ಯಾರದೋ ಒಳ್ಳೇ ಹಾಡು ಹಾಳಾಗಿದೆಯೆಂದು. ಗದ್ದಲ ತೆಗೆಯುವ ಗುಂಡಿ ಒತ್ತಿ, ಚರಚರವನ್ನೆಲ್ಲ ಮೆತ್ತಗೆ ಮಾಡಿ, ಹತ್ತು ಕಾಪಿ ತೆಗೆದು ಕೊಟ್ಟರು. ಹತ್ತರಲ್ಲಿ ಒಂದೂ ನಡೆಯಲಿಲ್ಲ.

ಅವರಿಗೆ ಅದನ್ನು ಬಿಡಿಸಿ ಹೇಳಿದವರು ನಮ್ಮವರು, ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ ನನ್ನ ಯಜಮಾನರು. ಗೆಳೆತನ ಬೆಳೆದದ್ದು ಅಲ್ಲಿಂದ. ಆದರೆ ಕಿವಿ ಕಲಿಸಿದವರು ಬೇರೆ. ಮಲ್ಲಪ್ಪಣ್ಣನವರ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ತಂಬೂರಿ ಮಾಡುವವರಿದ್ದಾರೆ. ತಂತಿಯ ಕೆಳಗೆ ಒಂದು ಎಳೆ ನೂಲು ಇಟ್ಟು, ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಸರಿಸುತ್ತ, ನಾದ ಅರಳುವ ಒಂದು ಜಾಗದಲ್ಲಿ ನಿಲ್ಲಿಸುತ್ತಾರೆ. ಅದಕ್ಕೆ ಜವಾರಿ ಎನ್ನುತ್ತಾರೆ. ಹುಟ್ಟಿದಾಗಿನಿಂದ ಅದನ್ನು ಕೇಳಿದ ಕಿವಿಯಿಂದಲೇ ಮಲ್ಲಪ್ಪಣ್ಣನವರು ಟೇಪ್ ರೆಕಾರ್ಡರಿನ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸುತ್ತಿದ್ದರು. ಚರಚರ ಸದ್ದು ಎಲ್ಲಿ ಅತಿ ಹರಿತವಾಗಿ ಕೇಳಿಸುತ್ತದೋ ಅಲ್ಲಿ ಕೈ ಬಿಡುವರು. ಅವರು ಸುರ ಕೂಡಿಸಿಕೊಟ್ಟ ಟೇಪು ಕೊಲ್ಲಾಪುರದ ಮಶೀನಿನಲ್ಲೂ ನಡೆಯುತ್ತಿತ್ತು ಎಂದು ನಮ್ಮವರು ಹೊಗಳುತ್ತಿದ್ದರು.

ಇನ್ನೊಂದು ಪದ್ಧತಿ ಅವರದು. ಕ್ಯಾಸೆಟ್ಟಿನ ಮೊದಲ ತುದಿಯಲ್ಲಿ ಒಂದೂವರೆ ಗೇಣಿನಷ್ಟು ಬರೀ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಲೀಡರ್ ಎನ್ನುತ್ತಾರೆ, ಅದರ ಮೇಲೆ ಏನೂ ಮೂಡುವುದಿಲ್ಲ. ಆದ್ದರಿಂದ ಗುಂಡಿ ಒತ್ತಿದ ಮೇಲೆ ಬೆರಳೆತ್ತಿ ಬಾಯಲ್ಲೇ ಏಳು ಎಣಿಸಿ, ಆಮೇಲೆ ಕೆಲಸಕ್ಕೆ ಹತ್ತುವರು. ಗಿರಾಕಿಗಳಿಗೂ ಅದೇ ಪಾಠ. ಏಳು ಎಣಿಸದವನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಒಂದು ಬೇಸಿಗೆ ರಜೆಗೆ ನಮ್ಮವರು ಕಾಲೇಜಿನ ಕಂಪ್ಯೂಟರನ್ನು ಮನೆಗೆ ತಂದರು. ತಂದು ಸೀದಾ ಮಲ್ಲಪ್ಪಣ್ಣನವರ ಮಾಳಿಗೆಗೆ ಮುಟ್ಟಿಸಿದರು. ರಜೆ ಮುಗಿಯುವುದರೊಳಗೆ ಮಲ್ಲಪ್ಪಣ್ಣನವರು ಸ್ವತಃ ಒಂದು ಆಟ ಬರೆದಿದ್ದರು. ಜೋಳದ ಹೊಲಕ್ಕೆ ಗುಬ್ಬಿಗಳ ಹಿಂಡು ಇಳಿಯುತ್ತದೆ, ಮಂಚಿಗೆಯ ಮೇಲೆ ನಿಂತ ನೀವು ಕವಣೆ ಬೀಸಿ ಓಡಿಸಬೇಕು. ಗುಬ್ಬಿಗೆ ಕಲ್ಲು ತಾಗಬಾರದು, ತಾಗಿದರೆ ಆಟ ಮುಗಿಯಿತು! ಊರಿನ ಟೇಪುಗಳಿಗೆಲ್ಲ ಎರಡೆರಡು ಕಾಪಿ ತೆಗೆಯುವ ಮನುಷ್ಯ ತನ್ನ ಆಟವನ್ನು ಒಂದೇ ಒಂದು ಟೇಪಿನ ಮೇಲೆ, ವಾರವಾರ ಹಳೆಯದನ್ನು ಅಳಿಸಿ ಹೊಸದಾಗಿ ಸೇವ್ ಮಾಡುತ್ತ ಬಂದಿದ್ದರು. ಶನಿವಾರ ಅದನ್ನು, ಕಂಪ್ಯೂಟರನ್ನು, ಟೇಪ್ ರೆಕಾರ್ಡರನ್ನು ನಮ್ಮ ಮನೆಗೆ ತಂದಿಟ್ಟರು. ಭಾನುವಾರ ಬೆಳಿಗ್ಗೆ ಕಾಲೇಜಿನ ನಾಲ್ಕು ಪ್ರೊಫೆಸರರು ಆಟ ನೋಡಲು ಬರುವವರಿದ್ದರು.

ಶನಿವಾರ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಗುಬ್ಬಿಯ ಆಟ ಹೇಗೆ ಚರಗುಟ್ಟುತ್ತದೆ ಕೇಳೋಣ ಎಂದು ಟೇಪ್ ರೆಕಾರ್ಡರಿನ ಮುಂದೆ ಕುಳಿತೆ. ನೋಡಿ, ನನ್ನ ಮಟ್ಟಿಗೆ ಟೇಪ್ ರೆಕಾರ್ಡರ್ ಎಂದರೆ ಎಲೊಕ್ಯೂಶನ್ ಕ್ಲಾಸು. ಹುಡುಗಿಯರು ಪದ್ಯ ಹೇಳುವುದು, ನಾನು ಎರಡು ಬೆರಳಲ್ಲಿ ಎರಡು ಗುಂಡಿ, ಕೆಂಪು ಮತ್ತು ಅದರ ಪಕ್ಕದ್ದು, ಒಟ್ಟಿಗೆ ಒತ್ತಿ ರೆಕಾರ್ಡ್ ಮಾಡುವುದು. ಬೆರಳುಗಳು ತಮ್ಮ ಪಾಠ ತಾವು ಒಪ್ಪಿಸಿದವು. ಇನ್ನೂ ಯಾಕೆ ಸದ್ದು ಬರಲಿಲ್ಲ ಎಂದು ಕಾಯುತ್ತ ಕುಳಿತೆ. ಕೆಂಪು ದೀಪ ಕಂಡಾಗ ಟೇಪು ಅಳಿಯುತ್ತಿದೆ ಎಂದು ತಿಳಿಯಿತು. ನಿಲ್ಲಿಸಿ, ಹಿಂದೆ ಸುತ್ತಿ, ಇದ್ದ ಹಾಗೆ ಇಟ್ಟೆ. ಅರ್ಧ ಗಂಟೆಯ ಟೇಪಿನಲ್ಲಿ ಕೆಲವು ಸೆಕೆಂಡು ಯಾವ ಲೆಕ್ಕ, ಪ್ರೇಯರಿಗೆ ತಡವಾಗಿ ಬಂದ ಹುಡುಗಿಗೆ ಆ ದಿನದ ಪಾಠವೇನು ತಪ್ಪುತ್ತದೆಯೇ, ಎಂದು ಸಮಾಧಾನ ಮಾಡಿಕೊಂಡೆ. ಸೀಟಿಯ ಮಹತ್ವ ನನಗೆ ಗೊತ್ತಿರಲಿಲ್ಲ.

ಭಾನುವಾರ ಆಟ ಎದ್ದೇಳಲಿಲ್ಲ. ಮಲ್ಲಪ್ಪಣ್ಣನವರು ಮೂರು ಸಲ ಹಚ್ಚಿದರು. ಕೊನೆಗೆ ವೈರು ಕಿತ್ತು ಟೇಪಿಗೆ ಕಿವಿಗೊಟ್ಟರು. "ಸೀಟೀನ ಇಲ್ಲ. ನಾನ ಲೀಡರ್ ಬಿಡದ ಸೇವ್ ಮಾಡೇನಿ" ಎಂದರು. ಒಬ್ಬ ಪ್ರೊಫೆಸರರು ನಕ್ಕರು. ನಾನು ಉಪ್ಪಿಟ್ಟಿನ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಸೋಮವಾರ ಕಂಪ್ಯೂಟರು ಕಾಲೇಜಿಗೆ ಮರಳಿತು. ಮಲ್ಲಪ್ಪಣ್ಣನವರು ಆಮೇಲೆ ಹಾಡು ಕಾಪಿ ಮಾಡಿದರೇ ಹೊರತು ಇನ್ನೊಂದು ಆಟ ಬರೆಯಲಿಲ್ಲ. ನಮ್ಮವರಿಗೂ ನಾನು ಹೇಳಲಿಲ್ಲ. ಅವರು ತಿಳಿಯದೆಯೇ ಹೋದರು.

ಬೇರೆ ಧರ್ಮದವಳಾಗಿದ್ದರೆ ಮನಸ್ಸಿನಲ್ಲಿಟ್ಟು ಮರೆಯುತ್ತಿದ್ದೆನೋ ಏನೋ. ನಾನು ಜೈನರವಳು. ಪರ್ವದ ದಿನಗಳು ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿ ಬರುತ್ತದೆ. ಅರಿತೋ ಅರಿಯದೆಯೋ ಮಾಡಿದ ತಪ್ಪುಗಳಿಗಾಗಿ ಎಲ್ಲರ ಕ್ಷಮೆ ಬೇಡುವ ದಿನ. ಮೊದಲು ಕಾರ್ಡು, ಈಗ ಮೊಬೈಲಿನಲ್ಲಿ ಕೈಮುಗಿದ ಚಿತ್ರ. ಪ್ರತಿ ವರ್ಷ ಮಲ್ಲಪ್ಪಣ್ಣನವರಿಗೂ ಕಳಿಸುತ್ತೇನೆ. "ನೀವೇನ ತಪ್ಪ ಮಾಡೀರಿ ಬಾಯಾರ, ಹೋಗ್ರಿ!" ಎಂದು ಅವರು ಪ್ರತಿ ಸಲ ನಗುತ್ತಾರೆ. ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಕನ್‌ಫೆಶನ್ನಿಗೆ ಹೋಗುವ ಮುಂಚೆ ಬೆರಳು ಮಡಚಿ ತಪ್ಪುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದರು. ನಾವು ಉಳಿದವರು ನಗುತ್ತಿದ್ದೆವು. ಈಗ ಅನ್ನಿಸುತ್ತದೆ, ನಮ್ಮ ಪದ್ಧತಿಯಲ್ಲೇನೂ ಕೊರತೆ ಇಲ್ಲ. ಸಗಟು ಕ್ಷಮೆಯ ಹಿಂದೆ ಚಿಲ್ಲರೆ ತಪ್ಪನ್ನು ಬಚ್ಚಿಟ್ಟವಳು ನಾನೇ.

ಅಂತೂ ಹೋದ ತಿಂಗಳು ಮೀರಜಿನ ಮಾಳಿಗೆ ಹತ್ತಿದೆ. ಮಲ್ಲಪ್ಪಣ್ಣನವರಿಗೆ ಈಗ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಗೆ ಮಶೀನು. ಮೇಲಿನ ಸುರ ಕೇಳಿಸುವುದೇ ಇಲ್ಲವಂತೆ. ಅವರ ಹೆಂಡತಿ ಗಂಗಕ್ಕ ಖಾರದ ಚುರುಮುರಿ ಭಡಂಗಿನ ಬಟ್ಟಲು ತಂದಿಟ್ಟು, ತಾವೂ ಎದುರಿಗೆ ಕುಳಿತರು.

"ಎಡಕ್ಕ ಕುಂದ್ರಿ ಬಾಯಾರ. ಬಲಕ್ಕ ಕುಂತ್ರ ಇವರಿಗೆ ನಾ ಮಾತಾಡಿದಂಗ ಆಗತೈತಿ, ಏನೂ ಕೇಳಸೂದಿಲ್ಲ."

ನನ್ನ ಇಪ್ಪತ್ತು ಪ್ರಶ್ನೆ ಎರಡನೆಯದಕ್ಕೆ ನಿಂತವು. ಮಲ್ಲಪ್ಪಣ್ಣನವರು ಒಂದು ಬಿಸ್ಕೀಟಿನ ಡಬ್ಬಿ ತೆಗೆದರು. ಒಳಗೆ ಸಣ್ಣ ಸ್ಕ್ರೂಡ್ರೈವರ್, ಜವಾರಿಯ ನೂಲಿನ ಉಂಡೆ, ಒಂದು ಕ್ಯಾಸೆಟ್. ನೋಡಿದ ಕೂಡಲೇ ನನಗೆ ಗುರುತು ಹತ್ತಿತು.

"ಇದನ್ನ ಪ್ರದರ್ಶನದಾಗ ಇಡ್ರಿ. ಮುಂದ ಒಂದು ಚೀಟಿ ಹಚ್ಚರಿ: ಆಟ ಬರದಾಂವ ಮಲ್ಲಪ್ಪ, ಲೀಡರ್ ಬಿಡದ ಸೇವ್ ಮಾಡಿ ತಾನ ಕೆಡಿಸ್ಕೊಂಡ. ಕಲಿಯೋ ಮಂದಿಗೆ ಬುದ್ಧಿ ಬರಲಿ."

"ತಾನ ಅಂತ ಈಗ ಅಂತಾರ ನೋಡ್ರಿ!" ಎಂದರು ಗಂಗಕ್ಕ. "ಮನ್ಯಾಗ ಬ್ಯಾರೇನ ಐತಿ. ಟೇಪ್ ಸೇವ್ ಮಾಡೋವತ್ತ ಆರಗದಿಂದ ನಮ್ಮ ಅಣ್ಣ ಬಂದಿದ್ದ, ಊಟಕ್ಕ ಬರ್ರಿ ಅಂತ ಮೂರ ಸಲ ಕೂಗಿದೆ. ಅದಕ್ಕ ಗಡಿಬಿಡಿ ಆತಂತ, ಏಳ ಎಣಸೂದು ಬಿಟ್ಟೋತಂತ. ಅವತ್ತಿಂದ ನಮ್ಮ ಅಣ್ಣ ಬಂದಾನಂದ್ರ ಇವರ ಮಾರಿ ನೋಡಬೇಕ್ರಿ."

"ಕೂಗಿದ್ದು ಖರೇ ಹೌದಲ್ಲ?" ಎಂದರು ಮಲ್ಲಪ್ಪಣ್ಣನವರು.

ಚೀಟಿಯ ಒಕ್ಕಣೆ ನನಗೆ ಕಾಣುತ್ತಿತ್ತು. ಅದನ್ನು ನೀಟಾದ ಅಕ್ಷರದಲ್ಲಿ ಬರೆಯುವ ಕೆಲಸವೂ ನನ್ನದೇ. ಗಾಜಿನ ಪೆಟ್ಟಿಗೆಯೊಳಗೆ, ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗಿನಲ್ಲಿ, ಸುಳ್ಳು. ಹೇಳಿಬಿಟ್ಟೆ. ಎರಡು ಬೆರಳು, ಕೆಂಪು ದೀಪ, ಉಪ್ಪಿಟ್ಟಿನ ತಾಟು, ಎಲ್ಲ.

ಮಲ್ಲಪ್ಪಣ್ಣನವರು ಟೇಪನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಆವತ್ತ ಹೇಳಿದ್ರ ಮುಂದಿನ ವಾರಾನ ಮತ್ತ ಕುಂದರತಿದ್ದೆ" ಎಂದರು. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ಸರ್ ಕಾಲೇಜಿಂದ ಮಶೀನ್ ಮತ್ತ ಕೊಡಸತಿದ್ರು. ನನಗ ನನ್ನ ಕೈ ಮ್ಯಾಲೆ ಭರವಸಾ ಹೋತು, ಬಾಯಾರ."

ತಲೆ ತಗ್ಗಿಸಿದೆ.

"ಎಷ್ಟೊತ್ತು ಒತ್ತಿದ್ರಿ?"

"ಹದಿನೈದು ಎಣಸೂವಷ್ಟು ಇರಬೇಕ್ರಿ."

ಅವರು ಬೆರಳು ಮಡಚಿದರು. "ಏಳು ಲೀಡರಿಗೆ ಹೋತು. ಉಳಿದ ಎಂಟರಾಗ ಸೀಟಿ ನುಂಗೀರಿ." ಬೆರಳು ಬಿಚ್ಚಿ, "ಅಂದ್ರ ಸೀಟಿ ಆದಮ್ಯಾಲಿನ ಗುಬ್ಬಿ ಎಲ್ಲಾ ಹಂಗ ಅದಾವ" ಎಂದರು. ಟೇಪನ್ನು ಎಡಗಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿದರು, ಮಾಗಿದ ಕಾಯನ್ನು ನೋಡುವವರ ಹಾಗೆ.

ಗಂಗಕ್ಕನಿಗೆ ಗುಬ್ಬಿಯ ಗೊಡವೆ ಇರಲಿಲ್ಲ. "ಅಂದ್ರ ನನ್ನದು ಏನೂ ತಪ್ಪಿಲ್ಲ! ಬಾಯಾರ, ಆ ಮೊಬೈಲಿನ್ಯಾಗ ಎಲ್ಲಾ ಬಂದೈತಿ ಹೌದಲ್ಲೊ? ನಮ್ಮ ಅಣ್ಣಗ ಕಳಸ್ರಿ."

ಮೊಬೈಲು ನೋಡಿದೆ. ಚುಕ್ಕೆ ಒತ್ತಿರಲಿಲ್ಲ.

ಒತ್ತಬಾರದಲ್ಲಿ ಒತ್ತಿ, ಒತ್ತಬೇಕಾದಲ್ಲಿ ಮರೆತು, ಹೀಗೇ ಆಯಿತು ನನ್ನ ಬಾಳು ಎಂದು ಮುಖ ಸಣ್ಣದು ಮಾಡಿ ಹೇಳಿದೆ. ಗಂಗಕ್ಕ ಬಿಡಲಿಲ್ಲ. "ಅದಕ್ಕೇನಾತು? ಮತ್ತೊಮ್ಮೆ ಹೇಳ್ರಿ. ಇವರ ಎಡಗಿವಿ ಕಡೆ, ಜ್ವಾರಾಗಿ ಹೇಳ್ರಿ!"

ಒಂದು ತಪ್ಪನ್ನು ಒಮ್ಮೆ ಒಪ್ಪಿಕೊಳ್ಳುವುದಕ್ಕೆ ಅರ್ಧ ಆಯುಷ್ಯ ಹಿಡಿದಿತ್ತು. ಎರಡನೆಯ ಸಲಕ್ಕೆ ಅಷ್ಟು ಕಷ್ಟವಾಗಲಾರದು ಎನಿಸಿ, ಈ ಸಲ ಕಣ್ಣಿಟ್ಟು ನೋಡಿ, ಕೆಂಪು ಚುಕ್ಕೆ ಒತ್ತಿದೆ. ಬಾಯಿ ತೆರೆಯುವಷ್ಟರಲ್ಲಿ ಮಲ್ಲಪ್ಪಣ್ಣನವರ ಬೆರಳು ಮೇಲೆದ್ದಿತು.

"ತಡೀರಿ ಬಾಯಾರ. ಲೀಡರ್ ಹೋಗಲಿ."

ಮೊಬೈಲಿಗೆ ಲೀಡರ್ ಇಲ್ಲವೆಂದು ನಾನು ಹೇಳಲಿಲ್ಲ. ಹಿಂದಿನ ಗಲ್ಲಿಯಲ್ಲಿ ಯಾರೋ ತಂತಿ ಮೀಟಿ ನೋಡುತ್ತಿದ್ದರು. ಮಲ್ಲಪ್ಪಣ್ಣನವರ ತುಟಿ ನೋಡುತ್ತ ನಾನೂ ಅವರ ಜೊತೆ ಎಣಿಸಿದೆ, ಏಳರವರೆಗೆ.