ಗಾಡಿ ತಗ್ಗಿಸಿದ ಮಿಸ್ತ್ರಿ

ನಮ್ಮ ಮಿಸ್ತ್ರಿಯ ಬಲಗೆನ್ನೆಗೆ ಸದಾ ಮಣ್ಣು ಮೆತ್ತಿರುತ್ತಿತ್ತು. ಎಡಗೆನ್ನೆ ಸ್ವಚ್ಛ. ಯಾವ ಗಾಡಿ ಬಂದರೂ ಆತ ಮೊದಲು ಅದಕ್ಕೆ ಕೈ ಹಚ್ಚುತ್ತಿರಲಿಲ್ಲ. ನೆಲಕ್ಕೆ ಉದ್ದಕ್ಕೆ ಮಲಗಿ, ಬಲಗೆನ್ನೆಯನ್ನು ಮಣ್ಣಿಗೆ ಒತ್ತಿ, ಗಾಡಿಯ ಹೊಟ್ಟೆಯ ಕೆಳಗೆ ದಿಟ್ಟಿಸುತ್ತ ಬಿದ್ದಿರುತ್ತಿದ್ದ. "ಮನಷ್ಯಾಂದ ಮಾರಿ ನೋಡಬೇಕು, ಗಾಡೀದು ಹೊಟ್ಟಿ ನೋಡಬೇಕ್ರಿ ಅಕ್ಕಾರ" ಎನ್ನುತ್ತಿದ್ದ. ಚಹಾ ಕೊಡುವಾಗ ನಾನು ಬೈದರೆ ಎದ್ದು ಹೋಗಿ ಮುಖ ತೊಳೆದು ಬರುತ್ತಿದ್ದ. ಕಪ್ಪು ಕೆಳಗಿಟ್ಟ ಮರುಗಳಿಗೆಗೆ ಮತ್ತೆ ಅದೇ ಮಣ್ಣು.

ಅಥಣಿಯಿಂದ ಕಾಗವಾಡದ ಕಡೆಗೆ ಹೋಗುವ ರಸ್ತೆಯಲ್ಲಿ ಆತನ ಗ್ಯಾರೇಜು. ನಮ್ಮ ದ್ರಾಕ್ಷಿ ತೋಟ ಅಲ್ಲಿಂದ ಹತ್ತಿರ. ಔಷಧ ಹೊಡೆಯುವ ಮಷೀನು ಕೆಟ್ಟರೆ ಆತನೇ ಬರಬೇಕು, ಪಂಪು ಕೆಟ್ಟರೂ ಆತನೇ. ಮಾತು ಬಹಳ, ಕೆಲಸ ಅದಕ್ಕಿಂತ ಬಹಳ. ಏನನ್ನೂ ಕತ್ತರಿಸಲು ಮಾತ್ರ ಒಪ್ಪುತ್ತಿರಲಿಲ್ಲ. ಕತ್ತರಿಸಿ ಬೆಸುಗೆ ಹಾಕಿದರೆ ಬೇಗ ಮುಗಿಯುವ ಕೆಲಸವನ್ನೂ ಕಟ್ಟಿ, ಬಿಗಿದು, ತಿರುವಿ ಮಾಡುತ್ತಿದ್ದ. "ಕೊಯ್ದದ್ದು ಕೂಡೂದಿಲ್ರಿ. ಕಟ್ಟಿದ್ದು ಯಾವತ್ತಿದ್ರೂ ಬಿಚ್ಚಬಹುದು." ಈ ಮಾತನ್ನು ಆತನ ಬಾಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮ ಮನೆಯವರು ಬಾವಿಯಿಂದ ಮೋಟರು ಎತ್ತುವಾಗ ಕಾಲು ಜಾರಿ ಒಳಗೆ ಬಿದ್ದರು. ಮಿರಜಿನ ದವಾಖಾನೆಯಿಂದ ತಿರುಗಿ ಬಂದಾಗ ಜೀವ ಇತ್ತು, ಸೊಂಟದ ಕೆಳಗೆ ಖಬರೇ ಇರಲಿಲ್ಲ. ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಒಂದೊಂದು ಬಳ್ಳಿಯನ್ನೂ ಸ್ವಂತ ಕೈಯಿಂದ ನೆಟ್ಟು ಬೆಳೆಸಿದ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಊಟ ಬಿಟ್ಟರು. ಗಾಲಿ ಕುರ್ಚಿ ತಂದೆವು, ಅದು ತೋಟದ ಕರಿಮಣ್ಣಿನಲ್ಲಿ ಹೂತು ನಿಂತಿತು. "ತೋಟಕ್ಕ ಒಯ್ಯಾಕ ಆಗಲಿಲ್ಲಂದ್ರ ನನ್ನ ಮಣ್ಣಿಗರ ಒಯ್ರಿ" ಎಂದರು. ಆ ಮಾತು ಕೇಳಿ ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಮಾತನಾಡಿಸಲು ಬಂದ ಮಿಸ್ತ್ರಿ ಆ ಮಾತು ಕೇಳಿಸಿಕೊಂಡು ಎದ್ದು ಹೋದ. ಕೆಲವು ದಿನಗಳ ಮೇಲೆ ಟೆಂಪೋದಲ್ಲಿ ಒಂದು ವಿಚಿತ್ರ ಗಾಡಿ ಹೇರಿಕೊಂಡು ಬಂದ. ಮೋಟರ್‌ಸೈಕಲ್ಲೇ, ಆದರೆ ನಾಲ್ಕು ದಪ್ಪ ಗಾಲಿ. ಪುಣೆಯ ಕಡೆಯ ಯಾರೋ ಶ್ರೀಮಂತರ ಮಗ ಓಟದ ಆಟಕ್ಕೆಂದು ಪರದೇಶದಿಂದ ತರಿಸಿ, ಬೇಸರವಾದ ಮೇಲೆ ಒಗೆದದ್ದಂತೆ. ಕೊಲ್ಲಾಪುರದ ಗುಜರಿಯಲ್ಲಿ ಬಿದ್ದಿತ್ತಂತೆ.

"ಕರಿಮಣ್ಣಾಗೂ ಹೂಳೂದಿಲ್ಲ ಇದು" ಎಂದ ಮಿಸ್ತ್ರಿ. "ಮಾಲಕ್ರು ಇದರ ಮ್ಯಾಲೆ ಕುಂತು ತ್ವಾಟಾ ತಿರಗತಾರ."

ಕಾಲಿನ ಗೇರು, ಬ್ರೇಕುಗಳನ್ನು ಕೈಗೆ ತಂದ. ಬೆನ್ನಿಗೆ ಆನಿಕೆ, ಸೊಂಟಕ್ಕೆ ಪಟ್ಟಿ ಮಾಡಿದ. ಆದರೆ ಓಟದ ಗಾಡಿ, ಕುದುರೆಯಂತೆ ಎತ್ತರ. ನಮ್ಮ ದ್ರಾಕ್ಷಿ ತಲೆಯ ಮೇಲಿನ ತಂತಿ ಚಪ್ಪರದಲ್ಲಿ ಹಬ್ಬಿದ್ದು. ಗಾಡಿಯ ಮೇಲೆ ಕುಳಿತರೆ ತಲೆ ನೇರ ತಂತಿಗೆ. ಗಾಡಿಯನ್ನು ತಗ್ಗಿಸಲೇಬೇಕು. ಅದಕ್ಕೆ ಹೊಂದುವ ಗಿಡ್ಡ ಶಾಕಬ್ಸರ್ ಸ್ಪ್ರಿಂಗು ತರಿಸಲು ಪರದೇಶಕ್ಕೇ ಬರೆಯಬೇಕಿತ್ತು, ಅಷ್ಟು ತಾಕತ್ತು ನಮಗೆಲ್ಲಿ? ಸ್ಪ್ರಿಂಗನ್ನು ಕತ್ತರಿಸಿಬಿಡು ಎಂದು ನೋಡಲು ಬಂದವರೆಲ್ಲ ಬುದ್ಧಿ ಹೇಳಿದರು. ಮಿಸ್ತ್ರಿ ಕೇಳಬೇಕಲ್ಲ! ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಓಣಿಗೆ ಹೋಗಿ ಎಮ್ಮೆಯ ತೊಗಲಿನ ದಪ್ಪ ಪಟ್ಟಿ ತಂದು ನೀರಲ್ಲಿ ನೆನೆಹಾಕಿದ. ಗಾಡಿಯ ಮೇಲೆ ಭಾರ ಹಾಕಿ ಸ್ಪ್ರಿಂಗು ಕುಸಿಯುವಂತೆ ಮಾಡುವುದು, ಹಸಿ ತೊಗಲಿನಿಂದ ಅದನ್ನು ಹಾಗೇ ಬಿಗಿದು ಕಟ್ಟುವುದು. ತೊಗಲು ಒಣಗಿದರೆ ಕಬ್ಬಿಣದಷ್ಟು ಬಿಗಿ, ಗಾಡಿ ಮೇಲೇಳುವುದಿಲ್ಲ.

ಭಾರಕ್ಕೆ ಬೇರೇನು, ತೋಟದ ಕೆಲಸದ ಹೆಂಗಸರೇ ಹತ್ತಿ ಕುಳಿತರು. ಮಿಸ್ತ್ರಿ ಕೆಳಗೆ ಮಲಗಿ ಅಲ್ಲಿಂದಲೇ ಕೂಗಿದ: "ಏ ಯಕ್ಕಾ, ಹೊಟ್ಟಿತುಂಬ ಉಣ್ಣವಲ್ಲಿ ಏನ? ಗಾಡಿ ತಗ್ಗವಲ್ದು!"

"ನಿನ್ನ ಹೇಣ್ತೀನ್ನ ಕರಕೊಂಡ ಬಾರೋ ಮಿಸ್ತ್ರಿ, ಆಕಿ ಒಬ್ಬಾಕಿನ ಸಾಕು!"

ಹೊರಸಿನ ಮೇಲಿದ್ದ ನಮ್ಮ ಮನೆಯವರು ನಕ್ಕರು. ಬಿದ್ದಮೇಲೆ ಅದೇ ಮೊದಲು. ನಾನು ಆ ನಗೆ ಕೇಳಲು ಬಾಗಿಲಲ್ಲೇ ನಿಂತುಬಿಟ್ಟೆ.

ತೊಗಲು ಒಣಗಿದ ಮೇಲೆ ಅವರನ್ನು ಎತ್ತಿ ಕೂಡಿಸಿ ಪಟ್ಟಿ ಕಟ್ಟಿದೆವು. ಗಾಡಿ ಗುರ್ ಎಂದು ಚಪ್ಪರದೊಳಗೆ ಹೋಯಿತು. ತಲೆಗೂ ತಂತಿಗೂ ನಡುವೆ ಮೊಳದಷ್ಟು ಜಾಗ. ಸಾಲಿನ ತುದಿಯಿಂದ ತಿರುಗಿ ಬಂದಾಗ ಅವರ ಗಡ್ಡವೆಲ್ಲ ಕಣ್ಣೀರಿನಿಂದ ಒದ್ದೆ. ಅವತ್ತು ರಾತ್ರಿ ಕೇಳಿ ಬಡಿಸಿಕೊಂಡು ಉಂಡರು.

ಎಂಥ ಮೂಢರು ನಾವು! ಎತ್ತರ ಅಳೆದದ್ದು ಯಾವಾಗ? ಬಳ್ಳಿಯನ್ನೆಲ್ಲ ಕತ್ತರಿಸುವ ಚಾಟಣಿ ಮುಗಿದು ಚಪ್ಪರ ಬೋಳಾಗಿ ನಿಂತಾಗ. ದ್ರಾಕ್ಷಿಯಲ್ಲೇ ಹುಟ್ಟಿ ಬೆಳೆದ ನಾವು ಯಾರೂ ಮುಂದಿನದನ್ನು ಯೋಚಿಸಲಿಲ್ಲ. ಚಳಿಗಾಲದಲ್ಲಿ ಕಾಯಿಗೆ ನೀರು ತುಂಬಿತು, ಗೊನೆ ಇಳಿಬಿದ್ದವು, ಭಾರಕ್ಕೆ ತಂತಿಯೂ ಜೋತಿತು. ಅವರ ತಲೆ ಗೊನೆಗೆ ತಾಗತೊಡಗಿತು. ತಾಗಿದ ಕಾಯಿಯ ಮೇಲೆ ತಾನಾಗಿ ಮೂಡಿದ ಬೂದಿಯಂಥ ಪುಡಿ ಒರೆಸಿಹೋದರೆ ವ್ಯಾಪಾರಿ ಮುಟ್ಟುವುದಿಲ್ಲ. ಅದಕ್ಕೇ ಎಲ್ಲರೂ ಬಗ್ಗಿ ನಡೆಯುತ್ತಾರೆ. ಸೊಂಟದಲ್ಲಿ ಹಿಡಿತವಿಲ್ಲದೆ ಆನಿಕೆಗೆ ಆತು ಕುಳಿತ, ಬಗ್ಗಲಾಗದವರು ಏನು ಮಾಡಬೇಕು?

"ನನ್ನ ತಲಿ ತಗ್ಗಸಾಕ ಬರೂದಿಲ್ಲ ಮಿಸ್ತ್ರಿ. ಗಾಡಿ ಇನ್ನಷ್ಟು ತಗ್ಗಸು."

ಮಿಸ್ತ್ರಿ ನೆಲಕ್ಕೆ ಕೆನ್ನೆಯಿಟ್ಟು ಬಹಳ ಹೊತ್ತು ನೋಡಿದ. ಎದ್ದು ಮಣ್ಣೂ ಒರೆಸಿಕೊಳ್ಳದೆ ಹೇಳಿದ: "ಇನ್ನ ಬಿಗದ್ರ ಸ್ಪ್ರಿಂಗ್ ಆಡೂದ ಇಲ್ರಿ ಮಾಲಕ್ರ. ಹೆಂಟಿ ಹೆಂಟಿಗೂ ದಡ್ ದಡ್ ಅಂತ ಹೊಡಿತೈತಿ."

"ನನಗೆಲ್ಲಿ ಹತ್ತತೈತೋ ಮಾರಾಯ? ಸೊಂಟದ ಕೆಳಗ ಬರೇ ಕಟ್ಟಿಗಿ."

ಅವರು ನಕ್ಕರು. ನಾವೂ ನಕ್ಕೆವು. ಮಿಸ್ತ್ರಿ ತೊಗಲನ್ನು ಇನ್ನಷ್ಟು ಬಿಗಿದ. ಅದೂ ಸಾಲದೆಂದು ಸೀಟಿನ ಒಳಗಿನ ಮೆತ್ತೆಯನ್ನು ತೆಗೆದ. ಗೊನೆಗಳು ತಲೆಯ ಮೇಲೆ ಬೆರಳಷ್ಟು ಬಿಟ್ಟು ಹಾದುಹೋದವು.

ಆ ಹಂಗಾಮು ಪೂರ್ತಿ ಅವರು ತೋಟದಲ್ಲೇ ಇದ್ದರು. ಬೆಳಿಗ್ಗೆ ಕುಳಿತವರು ಉಣ್ಣಲು ಕರೆದರೂ ಇಳಿಯುತ್ತಿರಲಿಲ್ಲ. ನೋವಿಲ್ಲವೆಂದರೆ ಗಾಯವಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಕುಳಿತ ಜಾಗದ ಚರ್ಮ ಕೆಂಪಾದಾಗ ಸೆಕೆಗೆ ಎದ್ದದ್ದು ಎಂದು ಅರಿಷಿಣ ಹಚ್ಚಿದೆವು. ಆಮೇಲೆ ಕಪ್ಪಾಯಿತು, ನಾರಿತು. ಜ್ವರ ಹತ್ತಿದ ಮೇಲೆ ದವಾಖಾನೆಗೆ ಒಯ್ದರೆ, "ಒಳಗೆ ಎಲುವಿನ ತನಕ ಮಾಂಸ ಸತ್ತೈತ್ರಿ, ಇವರನ್ನ ಯಾತರ ಮ್ಯಾಲೆ ಕುಂಡರಿಸಿದ್ರಿ?" ಎಂದು ಡಾಕ್ಟರು ಕೇಳಿದರು. ನನ್ನ ಬೆನ್ನ ಹಿಂದೆ ಮಿಸ್ತ್ರಿ ನಿಂತಿದ್ದ. ಹೊರಳಿ ನೋಡುವ ಧೈರ್ಯ ನನಗಾಗಲಿಲ್ಲ.

ಮಳೆಗಾಲ ಹಿಡಿಯುವ ಮೊದಲೇ ಅವರು ಹೋದರು.

ದಿನಕರ್ಮ ಮುಗಿದ ಮೇಲೆ ಮಿಸ್ತ್ರಿ ಬಂದ. ನೇರ ಹೋಗಿ ಗಾಡಿಯ ಪಕ್ಕದಲ್ಲಿ ಮಲಗಿದ. ಒಣಗಿದ ತೊಗಲಿನ ಗಂಟು ಕಲ್ಲಾಗಿತ್ತು. ಕೊಯ್ದರೆ ಮುಗಿಯುತ್ತಿತ್ತು, ಕೊಯ್ಯಲಿಲ್ಲ. ನೀರು ಸುರಿದು, ನೆನೆಸಿ, ಉಗುರು ಕಿತ್ತು ಬರುವ ಹಾಗೆ ಒಂದೊಂದೇ ಗಂಟು ಬಿಚ್ಚಿದ. ಕಡೆಯದು ಬಿಚ್ಚಿದಾಗ ಗಾಡಿ ಧಡಕ್ಕನೆ ಎದ್ದು ನಿಂತಿತು, ಹೊಸದಾಗಿ ಬಂದಾಗಿನಷ್ಟೇ ಎತ್ತರ, ಮೇಲೆ ಖಾಲಿ ಸೀಟು.

"ಕಟ್ಟಿದ್ದು ಬಿಚ್ಚಬಹುದು ಅಂತಿದ್ನಲ್ರಿ ಅಕ್ಕಾರ. ಬಿಚ್ಚೀನಿ. ಏನ ತಿರುಗಿ ಬಂತು?"

"ಮಿಸ್ತ್ರಿ, ಅವರು ಗ್ವಾಡಿ ಕಡೆ ಮಾರಿ ಮಾಡಿಕೊಂಡ ಹೋಗತಿದ್ರು. ನೀವು ಬಳ್ಳಿ ತೋರಿಸಿ ಕಳಿಸಿದ್ರಿ. ನಿಮ್ಮ ಋಣ ನನ್ನ ಮ್ಯಾಲೈತಿ" ಎಂದೆ.

"ಸಮಾಧಾನದ ಮಾತು ಬ್ಯಾಡ್ರಿ" ಎಂದ. ಎದ್ದು ಹೋದ.

ನಾನು ಹೇಳಿದ್ದು ಸಮಾಧಾನಕ್ಕಲ್ಲ, ದೇವರಾಣೆ. ಆದರೆ ಆತ ನಂಬಲಿಲ್ಲ. ಅಂದಿನಿಂದ ಯಾವ ಗಾಡಿಯ ಕೆಳಗೂ ಮಲಗಲಿಲ್ಲ. ಗ್ಯಾರೇಜಿನ ಮುಂದೆ ಸೈಕಲ್ ಪಂಕ್ಚರ್ ಹಾಕುತ್ತ ಕುಳಿತ. ರಿಪೇರಿ ಮುಗಿದ ಮೇಲೆ ಪ್ರತಿಯೊಬ್ಬರನ್ನೂ ಹತ್ತಿಸಿ, "ಕುಂತರ ಏನರ ಒತ್ತತೈತೇನ್ರಿ?" ಎಂದು ಕೇಳುತ್ತಿದ್ದನಂತೆ. ತಲೆ ಕೆಟ್ಟೈತಿ ಎಂದು ಜನ ನಗುತ್ತಿದ್ದರು. ಅಥಣಿಯ ಬಜಾರಿನಲ್ಲಿ ಒಮ್ಮೆ ಎದುರಾದ. ಎರಡೂ ಕೆನ್ನೆ ಸ್ವಚ್ಛ.

ಕೆಲವೇ ವರ್ಷಗಳಲ್ಲಿ ಆತನೂ ಹೋದ. ಸುದ್ದಿ ಬಂದಾಗ ನಾನು ತೋಟದಲ್ಲಿದ್ದೆ, ಹಾಗೇ ಓಡಿದೆ. ಆತನ ಮೈ ತೊಳೆದು ಅಂಗಳದಲ್ಲಿ ಮಲಗಿಸಿದ್ದರು. ಮುಖ ಬೆಳ್ಳಗೆ, ಯಾರದೋ ಪರಕೀಯರದು ಅನ್ನುವಂತಿತ್ತು. ನನಗೆ ಏನಾಯಿತೋ, ಬಗ್ಗಿ ನೆಲದ ಮಣ್ಣನ್ನು ಬೆರಳಿಗೆ ತೆಗೆದುಕೊಂಡು ಆತನ ಬಲಗೆನ್ನೆಗೆ ಸವರಿದೆ. ಸುತ್ತ ಕುಳಿತವರು ಗಾಬರಿಯಾಗಿ ನೋಡಿದರು. ಯಾರೋ ಒರೆಸಲು ಕೈ ಚಾಚಿದರು.

ಆತನ ಹೆಂಡತಿ ಆ ಕೈಯನ್ನು ತಡೆದಳು. "ಇರ್ಲಿ ಬಿಡ್ರಿ" ಎಂದಳು. "ಈಗ ನಮ್ಮವರ ಹಂಗ ಕಾಣಾಕತ್ತಾರ."