ಕಣ್ಣು ಮುಚ್ಚಿ ಕುದುರೆ ನೋಡುವ ನಬಿಲಾಲ

ಮನಗೂಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಕುಳಿತ ನಬಿಲಾಲ ಅವರು, ಲಾಳ ಹೊಡೆಸಲು ಬಂದ ಕಂದು ಕುದುರೆಯನ್ನು ಮುಟ್ಟುವುದೇ ಇಲ್ಲ. "ಸಿಮೆಂಟ್ ರಸ್ತಾದ ಮ್ಯಾಲ ನಡಸಪಾ" ಎಂದು ಹೇಳಿ ಕಣ್ಣು ಮುಚ್ಚುತ್ತಾರೆ. ಕುದುರೆ ಅತ್ತ ಹೋಗಿ ಇತ್ತ ಬರುತ್ತದೆ. ಮೂರು ಕಾಲಿನ ಸಪ್ಪಳ ಗಟ್ಟಿ, ನಾಲ್ಕನೆಯದು ಮೆತ್ತಗೆ.

"ಎಡಗಡಿ ಮುಂದಿನ ಕಾಲು ನೋವೈತಿ. ಇವತ್ತ ಲಾಳ ಬಡಿಯಾಂಗಿಲ್ಲ."

ಕುದುರೆ ತಂದ ಯುವರಾಜ ಗಾಡಿ ಓಟದ ಶರ್ಯತ್ತಿನ ಹೆಸರಾಂತ ಸವಾರ. ಭಾನುವಾರ ಸಿಂದಗಿ ಕಡೆ ಓಟವಿದೆ. "ಚಾಚಾ, ಲಾಳದ ಬುಡಕ ಒಂದು ತೊಗಲು ಇಟ್ಟು ಬಡದ್ ಬಿಡ್ರಿ. ಕುಂಟಾಂಗಿಲ್ಲ" ಎನ್ನುತ್ತಾನೆ. ಚಾಚಾ ತಲೆ ಅಲ್ಲಾಡಿಸುತ್ತಾರೆ. "ಬ್ಯಾರೆ ಕಡೆ ಬಡಸ್ತೇನಿ" ಎಂದು ಯುವರಾಜ ಹೊರಟೇಬಿಡುತ್ತಾನೆ. ಆ ಸಪ್ಪಳ ಕೇಳಿಸದಾಗುವವರೆಗೆ ನಬಿಲಾಲ ಅವರು ಕಿವಿಗೊಟ್ಟು ಕೂತೇ ಇರುತ್ತಾರೆ.

ಅರವತ್ತು ದಾಟಿದ ಈ ನಾಲಬಂದರಿಗೆ ಲಾಳ ಹೊಡೆಯುವುದು ಅಪ್ಪನಿಂದ ಬಂದ ಕಸುಬು. ಸಂತೆಯ ದಿನ ನಾಲ್ಕೈದು ಜೋಡಿ ಎತ್ತು ಬರುತ್ತವೆ, ಒಂದೊಂದು ಎತ್ತಿಗೆ ಎಂಟು ಲಾಳ. ಉಳಿದ ದಿನ ಒಂದು ಜೋಡಿ ಬಂದರೆ ಹೆಚ್ಚು. ಟ್ರ್ಯಾಕ್ಟರಿಗೆ ಯಾರು ಲಾಳ ಹೊಡೆಸುತ್ತಾರೆ? ಕುದುರೆ ವಾರಕ್ಕೊಂದು. ಒದೆ ತಿಂದು ಅವರ ಎರಡು ಪಕ್ಕೆಲುಬು ಮುರಿದಿವೆ. "ಅದೇನ್ ದೊಡ್ಡ ಮಾತಲ್ಲ ಬಿಡ್ರಿ" ಎಂದು ನಗುತ್ತಾರೆ.

ನಗು ನಿಲ್ಲುವುದು ಬಿಜಲಿಯ ಹೆಸರು ಬಂದಾಗ. ಆರು ವರ್ಷದ ಹಿಂದಿನ ಬಿಳಿ ಹೆಣ್ಣು ಕುದುರೆ ಅದು. ನಬಿಲಾಲ ಅವರು ಬಾಗುವ ಮೊದಲೇ ತಾನಾಗಿ ಕಾಲು ಎತ್ತಿ ಅವರ ತೊಡೆಯ ಮೇಲೆ ಇಡುತ್ತಿತ್ತಂತೆ. ಒಂದು ಓಟದ ಹಿಂದಿನ ದಿನ ಅದರ ಗೊರಸಿನೊಳಗೆ ಕೀವು ತುಂಬಿತ್ತು. ಹೇಗಾದರೂ ಓಡಿಸಲೇಬೇಕೆಂದು ಅದರ ಸವಾರ ಕೈಮುಗಿದ. ಇವರು ತೊಗಲಿಟ್ಟು ಲಾಳ ಹೊಡೆದರು. ಬಿಜಲಿ ಗೆದ್ದಳು.

"ಗುಲಾಲು ಹಾರಿಸಿದ್ರು, ನನ್ನ ತಲಿಗಿ ಪಟಗಾ ಸುತ್ತಿದ್ರು. ಮರುದಿನ ಆಕಿ ಎದ್ದು ನಿಲ್ಲಲಿಲ್ರಿ. ಸವಾರನ್ನ ಬೈದು ನಾ ಪಾರಾಗಲೇನು? ತೊಗಲು ಇಟ್ಟ ಕೈ ನಂದು."

ಗೆದ್ದವರ ಫೋಟೊ ಊರ ತುಂಬ ಫ್ಲೆಕ್ಸಿನಲ್ಲಿ ಮಿಂಚುತ್ತದೆ. ಅದರಲ್ಲಿ ಕುದುರೆಯ ಕುತ್ತಿಗೆ ಕಾಣುತ್ತದೆ, ಹಾರ ಕಾಣುತ್ತದೆ, ಕಾಲು ಮಾತ್ರ ಕಾಣುವುದಿಲ್ಲ. ಇದನ್ನು ಬರೆಯುತ್ತಿರುವ ನನಗೆ ಸಿಟ್ಟು ಬರುವುದು ಅಲ್ಲಿಯೇ.

ತಿಂಗಳ ಮೇಲೆ ಬಿಜಲಿ ಹೇಗೋ ಎದ್ದು ನಿಂತಳು. ಓಡಲಾರದ ಕುದುರೆಯನ್ನು ಯಜಮಾನ ಇಂಡಿ ಊರಿನ ಕಡೆಗೆ ಮಾರಿದ. ಅಂದಿನಿಂದ ಇಂಡಿ, ಮೋರಟಗಿ, ಮುದ್ದೇಬಿಹಾಳ, ಎಲ್ಲಿ ಬಿಳಿ ಕುದುರೆ ಇದೆಯೆಂದರೂ ನಬಿಲಾಲ ಅವರು ಬಸ್ ಹತ್ತುತ್ತಾರೆ. ಹೆಂಡತಿ ನಸ್ರೀನ ರೇಗಿಸುತ್ತಾರೆ: "ನಾ ತವರಿಗೆ ಹ್ವಾದ್ರ ಹಿಂಗ ಹುಡುಕಿ ಬರಲಿಲ್ಲ ನೀವು."

ಪೆಟ್ಟಿಗೆಯ ತಳದಿಂದ ಅವರು ಬಟ್ಟೆಯಲ್ಲಿ ಸುತ್ತಿಟ್ಟ ನಾಲ್ಕು ಲಾಳ ತೆಗೆದು ತೋರಿಸುತ್ತಾರೆ. ಓಟದ ತೆಳು ಲಾಳವಲ್ಲ, ನಿಧಾನ ನಡೆಯುವ ಕುದುರೆಯ ಅಗಲ ಲಾಳ. ಬಿಜಲಿಯ ಅಳತೆ ಕೈಗೆ ಇನ್ನೂ ನೆನಪಿದೆ.

"ಆಕಿ ಓಡೂದು ಬ್ಯಾಡ್ರಿ. ಒಮ್ಮೆ ಸಿಗಲಿ. ನಾ ಮುಂದ ಕುಂತ್ರ, ಮೊದಲಿನಂಗ ತಾನಾಗಿ ಕಾಲು ಎತ್ತಿ ಕೊಡ್ತಾಳೋ ಇಲ್ಲೋ, ಅಷ್ಟ ನೋಡಬೇಕು."