ಜಗಳ ಕೇಳಿ ಜಾಗ ಹುಡುಕುವ ಮೀಟರಕ್ಕ

ಊರಿಗೆ ಇದ್ದಕ್ಕಿದ್ದಂತೆ ತನ್ನ ದೊಡ್ಡವರ ನೆನಪು ಬಂತು. ಬದುಕಿದ್ದಾಗ ಅವರಿಗೊಂದು ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡಿದ ಊರು ಇದು. ಈಗ ಅವರು ಯಾವ ಮನೆಯಲ್ಲಿದ್ದರು, ಯಾವ ಕಿಟಕಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದರು ಎಂದು ಪತ್ತೆ ಹಚ್ಚಿ ಕಲ್ಲಿನ ಫಲಕ ನೆಡಬೇಕಂತೆ. ಹೆಸರು ಮಾಡಿದ ಆಟದ ತಂಡಗಳಿಗೂ ಫಲಕವಂತೆ. ಪುರಸಭೆಯವರು ಇದಕ್ಕೊಂದು ಸಮಿತಿ ಮಾಡಿದರು. ಸಮಿತಿಯವರು ಟೀ ಕುಡಿದು, ಕೆಲಸವನ್ನು ಮೀಟರಕ್ಕನ ಹೆಗಲಿಗೇರಿಸಿ ಎದ್ದುಹೋದರು.

ಮೀಟರಕ್ಕ ವಿದ್ಯುತ್ ಇಲಾಖೆಯಲ್ಲಿ ಮನೆಮನೆಯ ಮೀಟರ್ ಓದಿ ನಿವೃತ್ತಳಾದವಳು. ಮೆಟ್ಟಿಲ ಕೆಳಗೆ, ಕೋಳಿಗೂಡಿನ ಹಿಂದೆ, ಹಳೆ ಬೀರುವಿನ ಸಂದಿಯಲ್ಲಿ ತಲೆ ತೂರಿಸಿ ಬದುಕು ಸವೆಸಿದವಳು. ಹಾಗೆಂದು ಅವಳೇನೂ ಊರಿನ ಇತಿಹಾಸ ಅರೆದು ಕುಡಿದವಳಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ಉಪಾಯ. "ಇಲ್ಲಿ ಯಾರಿದ್ರು?" ಎಂದು ಕೇಳಿದರೆ ಜನ ಆಕಾಶ ನೋಡುತ್ತಾರೆ. "ಇಲ್ಲಿದ್ದವರು ನಿಮಗೇನಾದ್ರೂ ತೊಂದರೆ ಕೊಟ್ಟಿದ್ರಾ?" ಎಂದು ಕೇಳಿದರೆ ಕುರ್ಚಿ ಹಾಕಿ ಕೂರಿಸುತ್ತಾರೆ.

ಪ್ರಖ್ಯಾತ ಪಿಟೀಲು ವಾದಕನ ಮನೆ ಸಿಕ್ಕಿದ್ದು ಹೀಗೆಯೇ. ಗೋಡೆಯಾಚೆಯ ಮನೆಯವರು, ತಮ್ಮ ತಂದೆ ಸಾಯುವವರೆಗೂ ಕಿವಿಗೆ ಹತ್ತಿ ತುರುಕಿಕೊಂಡೇ ಊಟ ಮಾಡಿದ್ದನ್ನು ನಿನ್ನೆಯದೆಂಬಂತೆ ಸಿಟ್ಟಿನಿಂದ ಹೇಳಿದರು. ಉಪಾಯ ಕೈಕೊಟ್ಟದ್ದೂ ಉಂಟು. ಒಬ್ಬ ದೊಡ್ಡ ಗಣಿತಜ್ಞನನ್ನು, ಅವನದೆಂದುಕೊಂಡ ನಾಯಿಯಿಂದ ಕಚ್ಚಿಸಿಕೊಂಡವರ ಮೂಲಕ ಹುಡುಕಲು ಹೋಗಿ, ಫಲಕ ಬಿದ್ದದ್ದು ಗಣಿತಜ್ಞನ ಮನೆಗಲ್ಲ, ನಾಯಿಯ ನಿಜವಾದ ಯಜಮಾನನ ಮನೆಗೆ. ಆತ ಒಂದು ವಾರ ಎದೆಯುಬ್ಬಿಸಿ ನಡೆದ. ಫಲಕ ಕಿತ್ತು ತರುವಾಗ ಊರೆಲ್ಲ ನಿಂತು ನಕ್ಕಿತು.

ಕೊನೆಗೆ ಉಳಿದದ್ದು ಹೆಂಗಸರ ವಾಲಿಬಾಲ್ ತಂಡ. ಯಾವುದೋ ಕಾಲದಲ್ಲಿ ದೊಡ್ಡ ಕಪ್ ಗೆದ್ದು ತಂದ ತಂಡ. ಮರುವರ್ಷ ಯಾರೋ ದೂರು ಕೊಟ್ಟು ಅವರ ಮೈದಾನಕ್ಕೆ ಬೀಗ ಬಿತ್ತು, ತಂಡವೂ ಚೆದುರಿಹೋಯಿತು. ಆ ಮೈದಾನ ಎಲ್ಲಿತ್ತೆಂದು ಊರಿಗೆ ನೆನಪಿರಲಿಲ್ಲ. ಗಂಡಸರ ಫುಟ್ಬಾಲ್ ತಂಡ ಸೋತ ಪಂದ್ಯಗಳೂ ಬಾಯಿಪಾಠವಿದ್ದ ಊರಿಗೆ ಇದು ಮಾತ್ರ ಮರೆತುಹೋಗಿತ್ತು.

ಈಗ ಅದು ಬರೀ ಫಲಕದ ಮಾತಾಗಿರಲಿಲ್ಲ. ತಂಡ ಆಡಿದ ಜಾಗ ಖಾಲಿಯಿದ್ದರೆ ಅದನ್ನು ಆಟಕ್ಕೇ ಬಿಡಬೇಕೆಂದು ಪುರಸಭೆ ತೀರ್ಮಾನಿಸಿತ್ತು. ಮೀಟರಕ್ಕನ ಮನೆಯ ಪಕ್ಕದಲ್ಲೊಂದು ಪುರಸಭೆಯ ಖಾಲಿ ನಿವೇಶನವಿತ್ತು. ಹೊಲಿಗೆ ಕಾರ್ಖಾನೆಯ ಹುಡುಗಿಯರು ಪಾಳಿ ಮುಗಿಸಿ ಬಂದು, ಹಗ್ಗ ಕಟ್ಟಿ, ಚಪ್ಪಲಿಯನ್ನೇ ಗೆರೆಯಾಗಿಟ್ಟು ಅಲ್ಲಿ ವಾಲಿಬಾಲ್ ಆಡುತ್ತಿದ್ದರು. ಅದೇ ಜಾಗದ ಮೇಲೆ ವಾರ್ಡಿನ ಸದಸ್ಯರ ಕಣ್ಣು. ಎರಡು ಬೀದಿಯಾಚೆ ಅವರದೊಂದು ಸಭಾಭವನ. ಅದಕ್ಕೆ ವಾಹನ ನಿಲ್ಲಿಸುವ ಜಾಗ ಬೇಕಿತ್ತು. ಆದ್ದರಿಂದ ತಂಡ ಆಡಿದ್ದು ಸಭಾಭವನ ಕಟ್ಟಿದ ಜಾಗದಲ್ಲೇ ಎಂದು ಅವರು ಪಟ್ಟು ಹಿಡಿದರು. ಫಲಕ ಅವರ ಗೋಡೆಗೆ ಬಿದ್ದರೆ ನಿವೇಶನ ಅವರ ಕಿಸೆಗೆ, ಹುಡುಗಿಯರು ಬೀದಿಗೆ.

ಮೀಟರಕ್ಕ ತಂಡದ ಹಳೆಯ ಆಟಗಾರ್ತಿಯೊಬ್ಬರನ್ನು ಫೋನಿನಲ್ಲಿ ಹಿಡಿದಳು. ಆಕೆ ಈಗ ದೂರದೂರಿನಲ್ಲಿ ಮಗಳ ಮನೆಯಲ್ಲಿದ್ದರು.

"ಬೀದಿ ಹೆಸರೆಲ್ಲ ನೆನಪಿಲ್ಲಮ್ಮ. ಪಕ್ಕದಲ್ಲೊಂದು ಗೋಡೆ ಇತ್ತು. ಚೆಂಡು ಆಚೆ ಹೋದ್ರೆ ವಾಪಸ್ ಬರ್ತಿರಲಿಲ್ಲ. ಬೈಗುಳ ಮಾತ್ರ ಬರ್ತಿತ್ತು. ಎಂಥಾ ಗಂಟಲು ಅಂತೀರಿ, ಒಂದೇ ಉಸಿರಲ್ಲಿ ನಮ್ಮ ಅಪ್ಪ, ಅಮ್ಮ, ಕೋಚ್ ಎಲ್ಲರನ್ನೂ ಮುಗಿಸಿಬಿಡೋರು."

ಮೀಟರಕ್ಕ ಫೋನಿಟ್ಟು ಒಳಕೋಣೆಯ ಕಡೆ ನೋಡಿದಳು. ಆ ಗಂಟಲಿನ ಕೆಳಗೇ ಅವಳು ಇಷ್ಟು ವರ್ಷ ಸಂಸಾರ ಮಾಡಿದ್ದು.

ಒಳಗೆ ಹೋಗಿ ಕೇಳಿದಳು. "ಅತ್ತೆ, ಪಕ್ಕದ ಜಾಗದಲ್ಲಿ ಹಿಂದೆ ಹುಡುಗೀರು ಆಡ್ತಿದ್ರಾ?"

"ಯಾವ ಹುಡುಗೀರು? ನಾನು ಯಾರನ್ನೂ ಕಂಡಿಲ್ಲ." ಅತ್ತೆ ಗೋಡೆಯ ಕಡೆ ಹೊರಳಿದರು. ಕಂಡದ್ದು ಕೇಳಿದ್ದು ಎಲ್ಲದರ ಬಗ್ಗೆ ಅಭಿಪ್ರಾಯವಿದ್ದ ಅತ್ತೆ ಒಂದೇ ಮಾತಿಗೆ ಬಾಯಿ ಮುಚ್ಚಿದ್ದು ಅದೇ ಮೊದಲು.

ಗಂಡನಿಗೆ ಹೇಳಿದರೆ ಆತ ಬೆಚ್ಚಿದ. "ನಮ್ಮಮ್ಮನ ಬಗ್ಗೆ ಹಾಗೆಲ್ಲ ಮಾತಾಡ್ಬೇಡ." ಬಾಗಿಲ ಕಡೆ ನೋಡಿ ಸೇರಿಸಿದ, "ಮಾತಾಡೋದಾದ್ರೆ ಮೆಲ್ಲಗೆ ಆಡು."

ಸಮಿತಿ ಜಾಗ ನೋಡಲು ಬಂದ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಮೀಟರಕ್ಕ ಪುರಸಭೆಯ ಎಂಜಿನಿಯರನ್ನೂ ವಾರ್ಡಿನ ಸದಸ್ಯರನ್ನೂ ತನ್ನ ಜಗಲಿಗೆ ಕರೆದು, ಅತ್ತೆ ಮಲಗುವ ಕೋಣೆಯ ಕಿಟಕಿಯ ಕೆಳಗೇ ಕುರ್ಚಿ ಹಾಕಿದಳು.

"ಅವರು ಆಡಿದ್ದು ನಮ್ಮ ಜಾಗದಲ್ಲೇ ಸಾರ್," ಸದಸ್ಯರು ಶುರುಮಾಡಿದರು. "ನಮ್ಮ ತಾತ ಸ್ವಂತ ಮಕ್ಕಳ ಥರ ನೋಡ್ಕೊಂಡ್ರು."

"ತುಂಬ ಒಳ್ಳೆ ಹುಡುಗೀರಂತೆ, ಅಲ್ವಾಣ್ಣ?" ಮೀಟರಕ್ಕ ಸ್ವಲ್ಪ ಗಟ್ಟಿಯಾಗಿಯೇ ಕೇಳಿದಳು.

"ಬಂಗಾರ ಅಕ್ಕ, ಬಂಗಾರ. ನಡೆದ್ರೆ ನೆಲಕ್ಕೆ ನೋವಾಗುತ್ತೇನೋ ಅನ್ನೋ ಹಾಗೆ ನಡೀತಿದ್ರು."

ಒಳಗೆ ಮಂಚ ಕಿರುಗುಟ್ಟಿತು.

"ಗಲಾಟೆ ಗಿಲಾಟೆ?"

"ಎಲ್ಲಿ ಬಂತು? ಆಡ್ತಿದ್ದಾರೆ ಅಂತ ಪಕ್ಕದ ಮನೆಗೇ ಗೊತ್ತಾಗ್ತಿರಲಿಲ್ಲ."

ಮಂಚ ಇನ್ನೂ ಜೋರಾಗಿ ಕಿರುಗುಟ್ಟಿತು.

"ಚೆಂಡು ಯಾರ ಮನೆಗಾದ್ರೂ ಬೀಳ್ತಿತ್ತೇನೋ, ಪಾಪ."

"ಒಂದು ದಿನಾನೂ ಇಲ್ಲ. ದೇವರಾಣೆಗೂ ಇಲ್ಲ."

ಬಾಗಿಲು ದಢಾರನೆ ತೆರೆಯಿತು. ಅತ್ತೆ ಕೋಲು ಹಿಡಿದು ನಿಂತಿದ್ದರು.

"ಯಾವನೋ ಅವನು, ಒಂದು ದಿನಾನೂ ಇಲ್ಲ ಅನ್ನೋನು? ಆ ಉದ್ದ ಕಾಲಿನವಳು, ಎಡಗೈಲಿ ಹೊಡೀತಿದ್ದಳಲ್ಲ, ನಾನು ಒಗೆದು ಹರವಿದ ಒಂದು ಬಟ್ಟೆನಾದ್ರೂ ನೆಟ್ಟಗೆ ಒಣಗೋಕೆ ಬಿಟ್ಟಳಾ? ಹಂಚು ಒಡೆದ್ರು. ತೊಟ್ಟಿಲಲ್ಲಿದ್ದ ಇವನನ್ನ ಎಬ್ಬಿಸಿದ್ರು." ಇವನು ಎಂದರೆ ಈಗ ತಲೆ ನರೆತು ಕಂಬದ ಹಿಂದೆ ಅವಿತಿದ್ದ ಮೀಟರಕ್ಕನ ಗಂಡ. "ಇನ್ನೊಬ್ಬಳು ಗುಂಗುರು ಕೂದಲಿನವಳು ಈ ಗೋಡೆ ಹಾರಿ ಬಂದು ನನ್ನ 'ಅಜ್ಜಿ' ಅಂದಳು. ನನಗಾಗ ಇನ್ನೂ ಮೂವತ್ತಾಗಿರಲಿಲ್ಲ. ಹೋಗೇ, ಅಟ್ಟದ ಮೇಲಿನ ಚೀಲ ತಾ."

ಮೀಟರಕ್ಕ ಗೋಣಿಚೀಲ ತಂದು ಸುರಿದಳು. ಗಾಳಿ ಹೋಗಿ ಮುದುಡಿದ ಚೆಂಡುಗಳು ಜಗಲಿಯ ತುಂಬ ಬಿದ್ದವು. ಒಂದೊಂದರ ಮೇಲೂ ಮಾಸಿದ ಕೆಂಪು ಬಣ್ಣದಲ್ಲಿ ತಂಡದ ಗುರುತು. ಎಂಜಿನಿಯರ್ ಒಂದನ್ನೆತ್ತಿ ತಿರುಗಿಸಿ ನೋಡಿದರು.

"ನಮ್ಮ ಜಾಗದಿಂದ ಹಾರಿ ಬಂದಿರಬಹುದು ಸಾರ್," ಸದಸ್ಯರು ತೊದಲಿದರು.

"ಎರಡು ಬೀದಿ ದಾಟಿ ಬರೋಕೆ ಅದೇನು ಪಾರಿವಾಳವೇನೋ?" ಅತ್ತೆ ಕೋಲು ಕುಟ್ಟಿದರು.

ಎಂಜಿನಿಯರ್ ನಗು ನುಂಗಿಕೊಂಡು ಕೇಳಿದರು. "ಹಾಗಾದ್ರೆ ಅಜ್ಜಿ, ಮೈದಾನಕ್ಕೆ ಬೀಗ ಹಾಕಿಸಿದ್ದು?"

ಮಗ ಕಂಬದ ಹಿಂದಿನಿಂದ ಬಂದು, "ಬೀದಿಯವರೆಲ್ಲ ಸೇರಿ ಏನೋ..." ಎಂದ.

"ನೀನು ಸುಮ್ನಿರು. ಬೀದಿಯವರು ಯಾರೂ ಬರಲಿಲ್ಲ." ಅತ್ತೆ ನಿಧಾನವಾಗಿ ಕುರ್ಚಿಯಲ್ಲಿ ಕೂತರು. "ನಾನೊಬ್ಬಳೇ ದಿನಾ ಹೋಗಿ ಪುರಸಭೆ ಆಫೀಸಿನ ಮೆಟ್ಟಿಲ ಮೇಲೆ ಕೂತೆ. ಅವರು ಕಪ್ ತಂದ ದಿನಾನೂ ಕಿಟಕಿ ಹಾಕ್ಕೊಂಡಿದ್ದೆ. ಬೀಗ ಬಿದ್ದ ಮೇಲೆ ಬಟ್ಟೆ ಚೆನ್ನಾಗೇ ಒಣಗಿದ್ವು. ನಿದ್ದೆ ಬರಲಿಲ್ಲ."

ತಪ್ಪು ಈ ಮುದುಕಿಯದು, ಸರಿ. ಆದರೆ ಒಬ್ಬ ಹೆಂಗಸಿನ ಸಿಟ್ಟಿಗೆ ಮೈದಾನಕ್ಕೇ ಬೀಗ ಜಡಿಯುವಷ್ಟು ಚುರುಕು ಆ ಕಚೇರಿಗೆ ಎಲ್ಲಿಂದ ಬಂತು? ಆಡುತ್ತಿದ್ದವರು ಗಂಡುಹುಡುಗರಾಗಿದ್ದರೆ ಗುಮಾಸ್ತ ದೂರಿನ ಕಾಗದದಲ್ಲಿ ಕಡಲೆಕಾಯಿ ಕಟ್ಟಿಕೊಂಡು ಹೋಗುತ್ತಿದ್ದ. ದೂರಿತ್ತವಳಾದರೂ ನಿದ್ದೆಗೆಟ್ಟಳು, ಬೀಗ ಹಾಕಿದವರು ಬಡ್ತಿ ಪಡೆದು ಸುಖವಾಗಿ ಗೊರಕೆ ಹೊಡೆದರು.

ನಿವೇಶನ ಆಟಕ್ಕೇ ಉಳಿಯಿತು. ಸದಸ್ಯರು ಮೀಟರಕ್ಕನನ್ನು ಕಂಡರೆ ರಸ್ತೆ ಬದಲಿಸತೊಡಗಿದರು. ಫಲಕದ ಒಕ್ಕಣೆಯನ್ನು ಸಮಿತಿಯೇ ಬರೆದು ಕಳಿಸಿತು: 'ಕಾರಣಾಂತರಗಳಿಂದ ತಂಡ ನಿಂತುಹೋಯಿತು.' ಮೀಟರಕ್ಕ ಅದನ್ನು ಓದಿ ಹೇಳಿದಳು.

"ಕಾರಣಾಂತರ ಅಂದ್ರೆ ಯಾರು?" ಅತ್ತೆ ಕೇಳಿದರು.

"ನೀವೇ ಅತ್ತೆ."

"ಮತ್ತೆ ಹಾಗೇ ಬರೆಯೋಕೆ ಅವರಿಗೇನು ಧಾಡಿ? ಆಫೀಸಿನವರನ್ನೂ ಸೇರಿಸಿ ಬರೆಸು. ನಾನೊಬ್ಬಳೇ ಯಾಕೆ ಹೊರಲಿ?"

ಮೀಟರಕ್ಕ ಪಟ್ಟು ಹಿಡಿದು ಹಾಗೆಯೇ ಕೆತ್ತಿಸಿದಳು: 'ಪಕ್ಕದ ಮನೆಯವರ ದೂರಿನ ಮೇಲೆ ಪುರಸಭೆ ಬೀಗ ಹಾಕಿದ್ದರಿಂದ ತಂಡ ನಿಂತುಹೋಯಿತು.' ಕಲ್ಲು ನೆಟ್ಟ ಸಂಜೆ ಕಾರ್ಖಾನೆಯ ಹುಡುಗಿಯರು ಸುತ್ತ ನಿಂತು ಗಟ್ಟಿಯಾಗಿ ಓದಿದರು. ಓದಿ, ಮೆಲ್ಲಗೆ ತಲೆಯೆತ್ತಿ ಪಕ್ಕದ ಕಿಟಕಿಯತ್ತ ನೋಡಿದರು.

"ಹೌದು, ನಾನೇ," ಕಿಟಕಿಯಿಂದ ಮಾತು ಬಂತು. "ಓದಿದ್ದಾಯ್ತಲ್ಲ, ಇನ್ನು ಆಡಿ. ಆ ಕಡೆ ತಿರುಗಿ ಹೊಡೀರಿ, ಬಟ್ಟೆ ಇನ್ನೂ ಒಳಗೆ ತಂದಿಲ್ಲ."